ಸಾಲಿನ ತುದಿಯಲ್ಲಿ ಬರುವ ಸದ್ದು

ಶೇವಂತಾ ತನ್ನ ಸಣ್ಣ ಟ್ರ್ಯಾಕ್ಟರನ್ನು ಗ್ಯಾರೇಜಿನ ಮುಂದೆ ತಂದು ನಿಲ್ಲಿಸಿದಾಗ ಇಂಜಿನ್ನಿನಿಂದ ಯಾವ ಕೆಟ್ಟ ಸದ್ದೂ ಬರುತ್ತಿರಲಿಲ್ಲ. ಅವಳು ಅದನ್ನು ಬಂದ್ ಮಾಡದೆ ಸೀಟಿನ ಮೇಲೆ ಹಾಗೇ ಕೂತಳು. ಸುಮೇಧ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ಕೇಳ್ ಮಿಸ್ತ್ರಿ," ಅಂದಳು.

ಸುಮೇಧ ಬಾನೆಟ್ಟಿನ ಪಕ್ಕ ನಿಂತು ತಲೆ ಬಗ್ಗಿಸಿ ಕೇಳಿದ. ಮೂರು ಸಿಲಿಂಡರಿನ ಡೀಸೆಲ್ ಇಂಜಿನ್ ಒಂದೇ ಲಯದಲ್ಲಿ ಓಡುತ್ತಿತ್ತು.

"ಚಲೋನ ಐತೆಲ್ರಿ ಅಕ್ಕಾರ."

"ಈಗ ಚಲೋ ಐತಿ. ನನಗ ತ್ರಾಸ ಆಗಿದ್ದ ಅದು. ಪಡದಾಗ ಹೋದ್ರ ಒಳಗ ಯಾರೋ ಕೂತು ಸುತ್ತಿಗಿಲೆ ಬಡದಂಗ ಬಡಿತೈತಿ. ಮೊನ್ನೆ ಅಥಣಿಗಿ ಒಯ್ದಿದ್ನಿ. ಅಲ್ಲಿ ಗ್ಯಾರೇಜಿನಾಗೂ ಹಿಂಗ ಸುಮ್ಮನ ನಿಂತಿತ್ತು."

2014ರ ಅಕ್ಟೋಬರ್ ತಿಂಗಳು. ತೆಲಸಂಗದಲ್ಲಿ ದ್ರಾಕ್ಷಿ ಬೆಳೆಯುವವರಿಗೆ ಅದು ಉಸಿರು ಬಿಗಿಹಿಡಿದು ಕಳೆಯುವ ಕಾಲ. ಬಳ್ಳಿ ಸವರುವ ಚಾಟ್ನಿ ಕೆಲಸ ಮುಗಿದು, ಕತ್ತರಿಸಿದ ಬಳ್ಳಿಗಳು ಮತ್ತೆ ಚಿಗುರಿ, ಎಳೆಯ ಗೊಂಚಲುಗಳು ಆಗತಾನೇ ಕಾಣಿಸಿಕೊಳ್ಳುತ್ತವೆ. ಬೆಳಗಿನ ಇಬ್ಬನಿ ಎಲೆಯ ಮೇಲೆ ಕೂತರೆ, ಮೇಲಿಂದ ಎರಡು ದಿನ ಮೋಡ ಮುಚ್ಚಿದರೆ, ಡೌನಿ ರೋಗ ಗೊಂಚಲನ್ನೇ ಒಣಗಿಸಿಬಿಡುತ್ತದೆ. ಒಂದು ದಿನ ಬಿಟ್ಟು ಒಂದು ದಿನ ಔಷಧ ಹೊಡೆಯಲೇಬೇಕು. ಶೇವಂತಾಳ ಪಡ, ಅಂದರೆ ದ್ರಾಕ್ಷಿ ತೋಟ, ಮೂರು ಎಕರೆ. ಆ ಕಿರಿದಾದ ಸಾಲುಗಳ ನಡುವೆ ಹೋಗಬಲ್ಲದ್ದು ಈ ಸಣ್ಣ ಟ್ರ್ಯಾಕ್ಟರ್ ಮತ್ತು ಅದರ ಹಿಂದೆ ಕಟ್ಟುವ, ಔಷಧವನ್ನು ಮಂಜಿನಂತೆ ಎರಚುವ ಬ್ಲೋವರ್ ಮಾತ್ರ.

ಅವಳ ಗಂಡ ಸಿದರಾಯ ಸಾರಿಗೆ ಬಸ್ಸಿನ ಕಂಡಕ್ಟರ್. ವಾರಕ್ಕೆ ಒಂದು ದಿನ ಬಿಟ್ಟರೆ ಹೊಲದ ಕಡೆ ಬರಲು ಅವನಿಗೆ ಆಗುತ್ತಿರಲಿಲ್ಲ. ಬಾಡಿಗೆ ಡ್ರೈವರುಗಳು ಬಿಸಿಲೇರಿದ ಮೇಲೆ ಬಂದು, ಔಷಧ ಹೊಡೆಯುವ ಹೊತ್ತು ತಪ್ಪಿಸುತ್ತಿದ್ದರು. ಆರು ವರ್ಷಗಳ ಹಿಂದೆ ಶೇವಂತಾ ಬೇಸತ್ತು, ಜೋಳ ಕೊಯ್ದ ಬಯಲು ಹೊಲದಲ್ಲಿ ಎಂಟು ದಿನ ಗಾಡಿ ಓಡಿಸಿ ತಾನೇ ಕಲಿತಳು. ಅಂದಿನಿಂದ ಆ ಸೀಟಿನ ಮೇಲೆ ಬೇರೆ ಯಾರೂ ಕೂತಿಲ್ಲ.

"ಅಥಣ್ಯಾಗ ಏನಂದ್ರು?" ಸುಮೇಧ ಕೇಳಿದ.

"ಬೇರಿಂಗ್ ಹೋಗ್ಯಾವು, ಇಂಜಿನ್ ಪೂರ್ತಿ ಬಿಚ್ಚಬೇಕು ಅಂದ್ರು. ಹತ್ತ-ಹನ್ನೆರಡ ದಿನ ಗಾಡಿ ಬಿಡಬೇಕಂತ. ಹತ್ತ ದಿನ ಗಾಡಿ ಬಿಟ್ರ ನನ್ನ ಪಡ ನೋಡಾಕ ಏನೂ ಉಳಿಯೂದಿಲ್ಲ."

"ಸದ್ದ ಕೇಳಿ ಅಂದ್ರೋ, ಕೇಳಲಾರದ ಅಂದ್ರೋ?"

"ಎಲ್ಲಿ ಕೇಳ್ಯಾರ? ನಾ ಹೇಳಿದ್ದ ಕೇಳಿ ಅಂದ್ರು."

ಸುಮೇಧನಿಗೆ ಮೂವತ್ತೊಂದು ವರ್ಷ. ಚಿಕ್ಕೋಡಿಯಲ್ಲಿ ಐಟಿಐ ಓದಿ, ಮಿರಜದ ಒಂದು ಗ್ಯಾರೇಜಿನಲ್ಲಿ ಐದು ವರ್ಷ ದುಡಿದು, ಊರಿಗೆ ಬಂದು ಅಥಣಿ ರಸ್ತೆಯ ಮೇಲೆ ತಗಡಿನ ಶೆಡ್ಡು ಹಾಕಿದ್ದ. ಅವನದೊಂದು ಪದ್ಧತಿ ಇತ್ತು. ತಾನು ಕಿವಿಯಾರೆ ಕೇಳದ ಸದ್ದಿಗಾಗಿ ಅವನು ಯಾವ ಇಂಜಿನ್ನಿನ ಬೋಲ್ಟೂ ಬಿಚ್ಚುತ್ತಿರಲಿಲ್ಲ. ಗಿರಾಕಿಗಳು ಕೆಲವೊಮ್ಮೆ ಬೇಸರಪಟ್ಟುಕೊಂಡರೂ ಹೊಳ್ಳಿ ಅವನ ಹತ್ತಿರವೇ ಬರುತ್ತಿದ್ದರು.

ಅವನು ಮೊದಲು ಆಯಿಲ್ ನೋಡಿದ. ಮಟ್ಟ ಸರಿ ಇತ್ತು, ಬೆರಳಿನಲ್ಲಿ ಉಜ್ಜಿದರೆ ಲೋಹದ ಪುಡಿ ಹತ್ತಲಿಲ್ಲ. ಆಯಿಲ್ ಒತ್ತಡ ತೋರಿಸುವ ಮೀಟರಿನ ಮುಳ್ಳು ಇರಬೇಕಾದ ಜಾಗದಲ್ಲೇ ಇತ್ತು. ಬೇರಿಂಗ್ ಸವೆದಿದ್ದರೆ ಆ ಮುಳ್ಳು ಕೆಳಗಿಳಿಯಬೇಕಿತ್ತು. ಮುಂದಿನ ಪುಲ್ಲಿ, ಫ್ಯಾನು, ಇಂಜಿನ್ ಕೂತ ಬೋಲ್ಟುಗಳು ಎಲ್ಲವನ್ನೂ ಕೈಯಿಂದ ಅಲುಗಾಡಿಸಿ ನೋಡಿದ. ಎಲ್ಲ ಗಟ್ಟಿ ಇದ್ದವು.

"ಎಷ್ಟೊತ್ತು ಓಡಿಸಿದ ಮ್ಯಾಲ ಬರತೈತ್ರಿ?"

"ಒಂದ ತಾಸ ಔಷಧ ಹೊಡದ ಮ್ಯಾಲ. ಸಾಲಿನಾಗ ಹೋಗುಮುಂದ ಇರೂದಿಲ್ಲ. ಸಾಲ ಮುಗದು ತುದಿಗಿ ಬಂದು ನಿಂತಾಗ ಬರತೈತಿ. ಹತ್ತ ಸಲ ಬಡಿತೈತೋ ಇಪ್ಪತ್ತ ಸಲ ಬಡಿತೈತೋ, ಆಮ್ಯಾಲ ತಾನ ನಿಂದರತೈತಿ."

"ಎಲ್ಲಾ ತುದಿಗೂ ಬರತೈತೇನು?"

"ಒಮ್ಮೊಮ್ಮಿ ಇಲ್ಲ."

ಸುಮೇಧ ಬಾನೆಟ್ಟು ಮುಚ್ಚಿದ. "ಮತ್ತ ಯಾವಾಗ ಹೊಡಿಯೂದೈತಿ?"

"ನಾಳಿ ಮುಂಜಾನೆ ಏಳಕ್ಕ."

"ನಾ ಬರತೇನಿ. ಅಲ್ಲೀತನಾ ಯಾರ ಏನಂದ್ರೂ ಇಂಜಿನ್ ಬಿಚ್ಚಾಕ ಒಪ್ಪಬ್ಯಾಡ್ರಿ."

ಮರುದಿನ ಅವನು ಹೇಳಿದ ಹೊತ್ತಿಗೆ ಸರಿಯಾಗಿ ಪಡಕ್ಕೆ ಬಂದ. ಚೀಲದಲ್ಲಿ ನಟ್ಟು ಬಿಚ್ಚುವ ಎರಡು ಪಾನಾ, ಒಂದು ಉದ್ದನೆಯ ಸ್ಕ್ರೂ ಡ್ರೈವರ್, ಒಂದಿಷ್ಟು ಹಳೆಯ ಬಟ್ಟೆ ಇದ್ದವು. ಅವತ್ತು ಸಿದರಾಯನ ರಜೆಯ ದಿನ. ಅವನು ಟ್ಯಾಂಕಿಗೆ ನೀರು ತುಂಬುತ್ತ ನಿಂತಿದ್ದ.

"ನಾಳಿಗಿ ಗಾಡಿ ಅಥಣಿಗಿ ಕಳಸೂದಂತ ಹೇಳಿ ಬಿಟ್ಟೇನಿ ಸುಮೇಧ," ಅಂದ ಅವನು. "ಇನ್ನೂ ಜಾಸ್ತಿ ಕೆಟ್ರ ಪೂರಾ ಇಂಜಿನ್ನ ಹೋಗತೈತಿ ಅಂತ ಅವರು ಅಂಜಿಸ್ಯಾರ."

"ಇವತ್ತ ಒಂದ ದಿನ ನನಗ ಕೊಡ್ರಿ. ಸಂಜಿಗಿ ನೀವ ನಿರ್ಧಾರ ಮಾಡ್ರಿ."

ಸುಮೇಧ ಮುಖಕ್ಕೆ ಟವೆಲ್ ಸುತ್ತಿಕೊಂಡು ಮಡ್‌ಗಾರ್ಡಿನ ಮೇಲೆ ಕೂತ. "ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ ಅಕ್ಕಾರ. ನಾ ಇದ್ದೇನಂತ ಏನೂ ಬದಲ ಮಾಡಬ್ಯಾಡ್ರಿ."

ಮೊದಲ ಒಂದು ತಾಸು ಏನೂ ಆಗಲಿಲ್ಲ. ಶೇವಂತಾ ಸಾಲಿನ ತುದಿಗೆ ಬಂದು ನಿಲ್ಲಿಸುತ್ತಿದ್ದಳು, ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿ, ಎಕ್ಸಲೇಟರ್ ಇಳಿಸಿ, ಬ್ಲೋವರ್ ಬಂದ್ ಮಾಡುತ್ತಿದ್ದಳು. ಆಮೇಲೆ ಹಿಂದೆ ತಿರುಗಿ, ಔಷಧ ಚಿಮ್ಮುವ ತೂತು ಯಾವುದಾದರೂ ಕಟ್ಟಿದೆಯೇ ಎಂದು ಕಣ್ಣಾಡಿಸಿ, ಗೇರ್ ಹಾಕಿ, ಗಾಡಿ ಹೊರಳಿಸಿ ಮುಂದಿನ ಸಾಲು ಹಿಡಿಯುತ್ತಿದ್ದಳು. ಪ್ರತಿ ಸಲವೂ ಅದೇ ಕ್ರಮ. ಸುಮೇಧ ಇಂಥ ಹದವಾದ ಕೈಯನ್ನು ಹೆಚ್ಚು ಡ್ರೈವರುಗಳಲ್ಲಿ ಕಂಡಿರಲಿಲ್ಲ.

ಎರಡನೆಯ ಟ್ಯಾಂಕು ಅರ್ಧ ಖಾಲಿಯಾಗಿತ್ತು. ಒಂದು ಸಾಲಿನ ತುದಿಯಲ್ಲಿ ಎಕ್ಸಲೇಟರ್ ಇಳಿಸಿದ ಕೂಡಲೇ ಸದ್ದು ಬಂತು. ಟಕ್, ಟಕ್, ಟಕಟಕ್. ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಗಡುಸಾದ ಸದ್ದು. ಮಡ್‌ಗಾರ್ಡಿನ ತಗಡಿನ ಮೂಲಕ ಅದು ಸುಮೇಧನ ತೊಡೆಗೂ ತಟ್ಟಿತು. ಶೇವಂತಾ ಅವನ ಮುಖ ನೋಡಿದಳು.

"ಬಂತು," ಅಂದ ಸುಮೇಧ. ಅವನ ದನಿಯಲ್ಲಿ ಸಂತೋಷವೇ ಇತ್ತು. ಅವನು ಕೆಳಗೆ ಜಿಗಿಯುವಷ್ಟರಲ್ಲಿ ಸದ್ದು ನಿಂತುಹೋಯಿತು. ಆದರೂ ಅವನಿಗೆ ಬೇಸರವಾಗಲಿಲ್ಲ. ಬಂದದ್ದು ಮತ್ತೆ ಬರುತ್ತದೆ.

"ಮುಂದಿನ ತುದಿಯಾಗ ನಾ ಕೆಳಗ ನಿಂತಿರತೇನ್ರಿ," ಅಂದ. "ಮೂರು ಸಿಲಿಂಡರ್ ಅದಾವು. ಒಂದೊಂದಕ್ಕ ಡೀಸೆಲ್ ಹೋಗೂದು ತಪ್ಪಸ್ತೇನಿ. ಯಾವುದರ ಡೀಸೆಲ್ ತಪ್ಪಿಸಿದಾಗ ಬಡಿತ ಕಮ್ಮಿ ಆಗತೈತೋ, ರೋಗ ಅದರಾಗ ಐತಿ ಅಂತ ಲೆಕ್ಕ. ನೋಜಲ್ ಇರಲಿ, ಬೇರಿಂಗ್ ಇರಲಿ, ಅಲ್ಲೇ ತೋರಸ್ತೈತಿ."

ಮುಂದಿನ ತುದಿಯಲ್ಲಿ ಅವನು ಪಾನಾ ಹಿಡಿದು ಕಾದಿದ್ದ. ಸದ್ದು ಬಂತು. ಮೊದಲ ಸಿಲಿಂಡರಿನ ಡೀಸೆಲ್ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ಸಡಿಲ ಮಾಡಿದ. ಡೀಸೆಲ್ ಹೊರಗೆ ಜಿನುಗಿತು, ಇಂಜಿನ್ ಕುಂಟಿತು, ಬಡಿತ ಮಾತ್ರ ಹಾಗೇ ಇತ್ತು. ನಟ್ಟನ್ನು ಬಿಗಿ ಮಾಡುವಷ್ಟರಲ್ಲಿ ಸದ್ದು ನಿಂತೇಹೋಯಿತು. ಮತ್ತೊಂದು ತುದಿಯಲ್ಲಿ ಎರಡನೆಯ ಸಿಲಿಂಡರ್. ಬಡಿತ ಹಾಗೇ ಇತ್ತು. ಮಧ್ಯದಲ್ಲಿ ಎರಡು ಸಾಲು ಸದ್ದೇ ಬರಲಿಲ್ಲ. ಆಮೇಲೆ ಬಂದಾಗ ಮೂರನೆಯ ಸಿಲಿಂಡರಿನ ಪೈಪು ಸಡಿಲ ಮಾಡಿದ. ಅದರಲ್ಲೂ ಬದಲಾವಣೆ ಇಲ್ಲ.

"ಮೂರರಾಗೂ ಇಲ್ಲ," ಅಂದ ಸುಮೇಧ. "ಅಂದ್ರ ಇಂಜಿನ್ ಒಳಗ ಪೆಟ್ಟ ಬಿದ್ದಿಲ್ರಿ. ಬಿಚ್ಚೂದು ಬ್ಯಾಡೇ ಬ್ಯಾಡ. ಅದರ ಸುತ್ತ ಎಲ್ಲೋ ಐತಿ."

"ಎಲ್ಲೋ ಅಂದ್ರ ಎಲ್ಲಿ?"

"ಇನ್ನೊಂದ ಸಲ ಬಡೀಲಿ. ಹೇಳ್ತೇನಿ."

ಮುಂದಿನ ತುದಿಯಲ್ಲಿ ಅವನು ಸ್ಕ್ರೂ ಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಇಟ್ಟುಕೊಂಡ. ಮುಂದೆ ಸಪ್ಪಳ ಕಡಿಮೆ. ನಡುವೆ ಸ್ವಲ್ಪ ಹೆಚ್ಚು. ಹಿಂದೆ, ಇಂಜಿನ್ನು ಕ್ಲಚ್ಚಿನ ಮನೆಗೆ ಕೂಡುವ ಜಾಗದಲ್ಲಿ, ಕಿವಿಯೊಳಗೇ ಬಡಿದಂತಾಯಿತು. ಅಷ್ಟರಲ್ಲಿ ಸದ್ದು ಕತ್ತರಿಸಿದಂತೆ ನಿಂತಿತು. ಅವನು ತಲೆ ಎತ್ತಿದ.

"ಈಗ ಏನ್ ಮಾಡಿದ್ರಿ ಅಕ್ಕಾರ?"

"ಏನೂ ಮಾಡಿಲ್ಲ. ಗೇರ್ ಹಾಕಬೇಕಂತ ಕ್ಲಚ್ ತುಳದ್ನಿ."

"ಕಾಲ ತಗೀರಿ."

ಅವಳು ಕಾಲು ತೆಗೆದಳು. ಟಕ್, ಟಕ್, ಟಕಟಕ್.

"ತುಳೀರಿ."

ನಿಂತಿತು.

"ತಗೀರಿ."

ಬಂತು. ಶೇವಂತಾ ಮೂರನೆಯ ಸಲ ಅವನು ಹೇಳುವ ಮೊದಲೇ ತುಳಿದು, ಬಿಟ್ಟು, ಮತ್ತೆ ತುಳಿದಳು. ಸದ್ದು ಅವಳ ಕಾಲಿನ ಮಾತು ಕೇಳುತ್ತಿತ್ತು. ಇಷ್ಟು ದಿನ ಅದು ತಾನಾಗಿ ನಿಲ್ಲುತ್ತದೆ ಅಂದುಕೊಂಡಿದ್ದಳು. ಪ್ರತಿ ಸಲ ನಿಲ್ಲಿಸುತ್ತಿದ್ದವಳು ಅವಳೇ.

"ಬಂದ್ ಮಾಡ್ರಿ ಗಾಡಿ," ಅಂದ ಸುಮೇಧ.

ಇಂಜಿನ್ನಿನ ಹಿಂಭಾಗದಲ್ಲಿ ಫ್ಲೈವೀಲ್ ಅನ್ನುವ ಭಾರದ ಕಬ್ಬಿಣದ ಚಕ್ರ ಇರುತ್ತದೆ. ಇಂಜಿನ್ ತಿರುಗಿಸುವ ಕ್ರ್ಯಾಂಕಿಗೆ ಅದನ್ನು ಆರು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಕ್ಲಚ್ಚು ಅದರ ಮೇಲೆ ಕೂರುತ್ತದೆ. ಆ ಬೋಲ್ಟುಗಳು ಸಡಿಲವಾದರೆ, ಕೆಲಸದ ಭಾರ ಬಿದ್ದಾಗ ಚಕ್ರ ಒಂದೇ ಕಡೆಗೆ ಒತ್ತಿಕೊಂಡು ಸುಮ್ಮನಿರುತ್ತದೆ. ಭಾರ ಇಳಿದಾಗ ಹಿಂದೆ ಮುಂದೆ ಅಲುಗಾಡಿ ಬಡಿಯುತ್ತದೆ. ಕ್ಲಚ್ ತುಳಿದರೆ ಅದು ಮತ್ತೆ ಕ್ರ್ಯಾಂಕಿಗೆ ಒತ್ತಿ ಕೂರುತ್ತದೆ. ಗಾಡಿ ಚೆನ್ನಾಗಿ ಕಾಯ್ದ ಮೇಲೆ ಸಂದು ಇನ್ನಷ್ಟು ಬಿಡುತ್ತದೆ. ಸುಮೇಧ ಇದನ್ನು ಗಂಡ ಹೆಂಡತಿ ಇಬ್ಬರಿಗೂ ತಿಳಿಸಿ ಹೇಳಿದ. ಆದರೆ ಹೇಳುವುದಷ್ಟೇ ಅವನಿಗೆ ಸಾಲದು. ಕ್ಲಚ್ಚಿನ ಮನೆಯ ಪಕ್ಕದಲ್ಲಿದ್ದ ಸಣ್ಣ ಮುಚ್ಚಳವನ್ನು ಬಿಚ್ಚಿದ. ಒಳಗೆ ಚಕ್ರದ ಹಲ್ಲು ಕಾಣುತ್ತಿದ್ದವು.

"ಅಕ್ಕಾರ, ಮುಂದ ಹೋಗಿ ಪುಲ್ಲಿ ಮ್ಯಾಲ ಕೈ ಇಡ್ರಿ. ಅದು ಕ್ರ್ಯಾಂಕಿನ ಮುಂದಿನ ತುದಿ. ತಿರುಗಿದ್ರ ಹೇಳ್ರಿ."

ಅವಳು ಕೈ ಇಟ್ಟಳು. ಸುಮೇಧ ಸ್ಕ್ರೂ ಡ್ರೈವರನ್ನು ಹಲ್ಲಿಗೆ ಕೊಟ್ಟು ಮೆಲ್ಲಗೆ ಮೀಟಿದ. ಚಕ್ರ ಒಂದು ಉಗುರಿನಷ್ಟು ಸರಿದು 'ಟಕ್' ಅಂದಿತು.

"ತಿರುಗಿತೇನು?"

"ಇಲ್ಲ."

ಇನ್ನೊಂದು ಕಡೆಗೆ ಮೀಟಿದ. ಟಕ್. "ಈಗ?"

"ಇಲ್ಲೋ ಮಾರಾಯ. ಅಲುಗಾಡೇ ಇಲ್ಲ."

ಸಿದರಾಯ ಬಗ್ಗಿ ನೋಡಿ, ತಾನೂ ಒಮ್ಮೆ ಮೀಟಿದ. ಅವನ ಮುಖ ತಿಳಿಯಾಯಿತು. ಅಥಣಿಗೆ ಫೋನ್ ಮಾಡಿ, ಗಾಡಿ ಬರುವುದಿಲ್ಲ ಅಂತ ಹೇಳಲು ಅಲ್ಲಿಂದಲೇ ಮೊಬೈಲ್ ತೆಗೆದ.

ಅಷ್ಟರಲ್ಲಿ ಪಕ್ಕದ ಪಡದ ಭೂಪಾಲ ಎರಡು ಪಡಗಳ ನಡುವಿನ ಬಾಂದಿನ ಮೇಲೆ ಬಂದು ನಿಂತಿದ್ದ. ಹನ್ನೆರಡು ಎಕರೆ ದ್ರಾಕ್ಷಿ ಮಾಡುವವನು. ಅವನ ಮನೆಯ ಮೂರೂ ಟ್ರ್ಯಾಕ್ಟರುಗಳು ಸುಮೇಧನ ಗ್ಯಾರೇಜಿಗೇ ಬರುತ್ತಿದ್ದವು. "ಸಿಕ್ತೇನ್ ರೋಗ?" ಅಂತ ಕೇಳಿದ.

ಸುಮೇಧ ಮುಚ್ಚಳದ ತೂತಿನೊಳಗೆ ನೋಡುತ್ತ ಕುಕ್ಕರಗಾಲಲ್ಲೇ ಕೂತಿದ್ದ. ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ಅವನ ನೆನಪಿಗೆ ಬಂದಿತ್ತು. ಇದೇ ಗಾಡಿಯ ಕ್ಲಚ್ ಪ್ಲೇಟನ್ನು ಅವನೇ ಬದಲಿಸಿದ್ದ. ಫ್ಲೈವೀಲ್ ಬಿಚ್ಚಿ, ಲೇಥಿಗೆ ಕೊಟ್ಟು ಅದರ ಮುಖ ಸಮ ಮಾಡಿಸಿ ಹೊಳ್ಳಿ ಕೂರಿಸಿದ್ದ. ಆ ಬೋಲ್ಟುಗಳು ಹೊರಳದಂತೆ ಅವುಗಳ ಕೆಳಗೆ ತೆಳುವಾದ ಲಾಕ್ ಪಟ್ಟಿ ಹಾಕಿ, ಅದರ ಮೂಲೆಯನ್ನು ಬೋಲ್ಟಿನ ತಲೆಗೆ ಮಡಚಬೇಕು. ಒಮ್ಮೆ ಮಡಚಿದ ಪಟ್ಟಿಯನ್ನು ಮತ್ತೆ ಬಳಸಬಾರದು. ಅವತ್ತು ಅಂಗಡಿಯಲ್ಲಿ ಹೊಸ ಪಟ್ಟಿ ಸಿಗಲಿಲ್ಲ. ಅವನು ಹಳೆಯ ಪಟ್ಟಿಗಳನ್ನೇ ಬಡಿದು ನೆಟ್ಟಗೆ ಮಾಡಿ ಹಾಕಿದ್ದ.

ಬೋಲ್ಟು ಹಳೆಯದಾದರೆ ಸಡಿಲಾಗುತ್ತದೆ ಅಂತ ಒಂದು ಮಾತು ಅಂದರೆ ಸಾಕಿತ್ತು. ಯಾರೂ ಮುಂದೆ ಕೇಳುತ್ತಿರಲಿಲ್ಲ. ಇಂಜಿನ್ ಉಳಿಸಿಕೊಟ್ಟ ಮಿಸ್ತ್ರಿ ಅನ್ನುವ ಹೆಸರೂ ಬರುತ್ತಿತ್ತು. ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡು ಎದ್ದು ನಿಂತ.

"ಸಿಕ್ಕೇತ್ರಿ. ಫ್ಲೈವೀಲಿನ ಬೋಲ್ಟ್ ಢಿಲ್ಲ ಆಗ್ಯಾವು. ಅದು ನನ್ನ ತಪ್ಪ. ಎರಡ ವರ್ಷದ ಹಿಂದ ಕ್ಲಚ್ ಹಾಕಿದಾಗ ಹಳೇ ಲಾಕ್ ಪಟ್ಟಿ ಹಾಕಿದ್ನಿ. ಹೊಸಾವು ಬರೂತನಾ ಕಾಯಬೇಕಾಗಿತ್ತು, ಕಾಯಲಿಲ್ಲ."

ಸಿದರಾಯ ಫೋನು ಕಿವಿಯಿಂದ ಇಳಿಸಿದ. ಶೇವಂತಾ ಪುಲ್ಲಿಯ ಮಸಿ ಹತ್ತಿದ ಕೈಯನ್ನು ನೋಡಿಕೊಂಡಳು.

"ಅವತ್ತ ನಾನೂ ಗಡಬಡಿ ಮಾಡಿದ್ನಿ," ಅಂದಳು. "ಸಂಜಿ ಒಳಗ ಗಾಡಿ ಬೇಕಂತ ನಿನ್ನ ಶೆಡ್ಡಿನ ಮುಂದ ಕೂತಿದ್ನಿ."

"ನೀವ ಕೂತ್ರೂ ನಾ ಇಲ್ಲ ಅನಬೇಕಾಗಿತ್ರಿ. ಪಟ್ಟಿ ವಿಷಯ ನಿಮಗ ಗೊತ್ತಿರಲಿಲ್ಲ, ನನಗ ಗೊತ್ತಿತ್ತು."

"ಆತು. ಈಗ ಗಾಡಿ ಯಾವಾಗ ಓಡತೈತಿ, ಅದನ್ನ ಹೇಳ."

"ಗಾಡಿ ಇಲ್ಲೇ ಎರಡ ಭಾಗ ಮಾಡಿ ಬಿಚ್ಚತೇನಿ. ನಾಳಿ ಸಂಜಿಗಿ ಓಡಿಸ್ತೀರಿ. ನಾಡದ ಮುಂಜಾನಿ ಔಷಧ ತಪ್ಪೂದಿಲ್ಲ. ಇವತ್ತಿಂದು ಇನ್ನೂ ಒಂದ ಎಕರೆ ಉಳದೈತಿ, ಅದಕ್ಕ..." ಅಂತ ಅವನು ಭೂಪಾಲನ ಕಡೆ ತಿರುಗಿದ. "ಅಣ್ಣಾರ, ನಿಮ್ಮ ಗಾಡಿ ಒಂದ ತಾಸ ಕೊಡ್ತೀರೇನ್ರಿ?"

"ಕೊಡ್ತೇನಿ," ಅಂದ ಭೂಪಾಲ. ಆದರೆ ಅವನು ಅಲ್ಲಿಂದ ಕದಲಲಿಲ್ಲ. ಅವನು ಲೆಕ್ಕಾಚಾರದ ಮನುಷ್ಯ, ಮಾತು ಕಡಿಮೆ. "ಆ ವರ್ಷ ಹಂಗ ಹಳೇ ಪಟ್ಟಿ ಹಾಕಿದ್ದು ಇದೊಂದ ಗಾಡಿಗೆ ಏನ್ ಸುಮೇಧ?"

ಆ ಪ್ರಶ್ನೆ ಸುಮೇಧನ ಎದೆಗೆ ನಾಟಿತು. ಅವನು ಅದನ್ನು ಇನ್ನೂ ಯೋಚಿಸಿರಲಿಲ್ಲ. ಮನಸ್ಸಿನಲ್ಲೇ ಆ ವರ್ಷದ ಕೆಲಸಗಳನ್ನು ಒಂದೊಂದಾಗಿ ನೆನೆದ.

"ಇಲ್ರಿ. ಇನ್ನೊಂದೈತಿ. ಸತ್ತಿ ಊರಾಗ, ಲಗಮಪ್ಪನವರ ಗಾಡಿ. ಅದೇ ವಾರ ಮಾಡಿದ್ನಿ. ನಿಮ್ಮವು ಮೂರಕ್ಕೂ ಹೊಸಾವ ಹಾಕೇನಿ."

"ಅವರಿಗೆ ಹೇಳಿಯೇನು?"

"ಈಗ ಹೇಳ್ತೇನ್ರಿ."

ಅವನು ಅಲ್ಲೇ ನಿಂತು ಸತ್ತಿಗೆ ಫೋನ್ ಹಚ್ಚಿದ. ಲಗಮಪ್ಪ ನದಿ ದಂಡೆಯ ಹೊಲದಲ್ಲಿ ಕಬ್ಬಿನ ಕೆಲಸದಲ್ಲಿದ್ದ. ಗಾಡಿಗೆ ಏನೂ ಆಗಿಲ್ಲ, ಸದ್ದುಗಿದ್ದು ಏನೂ ಇಲ್ಲ, ಯಾಕೆ ಸುಮ್ಮನೆ ಬಿಚ್ಚುವುದು ಅಂತ ಅವನು ವಾದಿಸಿದ. ಸುಮೇಧ ಬಿಡಲಿಲ್ಲ. "ಸದ್ದ ಬಂದ ಮ್ಯಾಲ ಬರೂಕಿಂತ ಬರಲಾರದಾಗ ಬರತೇನ್ರಿ. ರವಿವಾರ ಮುಂಜಾನೆ ಬರತೇನಿ. ಅಲ್ಲೀತನಾ ಟ್ರಾಲಿ ಹೇರಬ್ಯಾಡ್ರಿ," ಅಂದ. ಲಗಮಪ್ಪ ಗೊಣಗುತ್ತಲೇ ಒಪ್ಪಿದ.

ಆಮೇಲೆ ಕೆಲಸ ಶುರುವಾಯಿತು. ಭೂಪಾಲನ ಟ್ರ್ಯಾಕ್ಟರ್ ಬಂದು ಉಳಿದ ಒಂದು ಎಕರೆ ಹೊಡೆಯಿತು, ಅದನ್ನೂ ಶೇವಂತಾಳೇ ಓಡಿಸಿದಳು. ಸುಮೇಧ ಮತ್ತು ಸಿದರಾಯ ಸಣ್ಣ ಟ್ರ್ಯಾಕ್ಟರನ್ನು ಪಡದ ಶೆಡ್ಡಿನ ನೆರಳಿಗೆ ತಳ್ಳಿದರು. ಎರಡೂ ಭಾಗಕ್ಕೆ ಮರದ ದಿಮ್ಮಿ, ಗ್ಯಾರೇಜಿನಿಂದ ತರಿಸಿದ ಜಾಕು ಕೊಟ್ಟು, ಇಂಜಿನ್ನನ್ನು ಹಿಂದಿನ ಭಾಗದಿಂದ ಬೇರೆ ಮಾಡಿದರು. ಸಂಜೆಯ ಹೊತ್ತಿಗೆ ಕ್ಲಚ್ಚು ಕಳಚಿ ಫ್ಲೈವೀಲ್ ಕಂಡಿತು. ಆರು ಬೋಲ್ಟುಗಳಲ್ಲಿ ಎರಡನ್ನು ಸುಮೇಧ ಬೆರಳಿನಿಂದಲೇ ಬಿಚ್ಚಿದ. ಒಂದರ ಪಟ್ಟಿ ಎರಡು ತುಂಡಾಗಿತ್ತು. ಚಕ್ರ ಸರಿಯಾಗಿ ಕೂರಲೆಂದು ಇರುವ ಗೂಟ ಒಂದು ಕಡೆ ಸವೆದಿತ್ತು. ಕ್ರ್ಯಾಂಕಿಗೆ ಮಾತ್ರ ಏನೂ ಆಗಿರಲಿಲ್ಲ. ಅದರ ಮೇಲೆ ಬೆರಳಾಡಿಸಿ ನೋಡಿದಾಗ ಅವನಿಗೆ ಎದೆಯ ಭಾರ ಇಳಿಯಿತು.

"ಇನ್ನೊಂದ ಹದಿನೈದ ದಿನ ಓಡಿದ್ರ ಏನ ಆಗತಿತ್ತು?" ಶೇವಂತಾ ಕೇಳಿದಳು. ಅವಳು ಬ್ಲೋವರ್ ತೊಳೆದು ಆಗಲೇ ಬಂದಿದ್ದಳು.

"ಬೋಲ್ಟ್ ಮುರದು ಚಕ್ರ ಕಳಚತಿತ್ತು. ನೀವ ಸೀಟಿನ ಮ್ಯಾಲ ಇರತಿದ್ರಿ." ಅವನು ತಲೆ ಎತ್ತದೆ ಹೇಳಿದ.

ಅವಳು ತುಂಡಾದ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಹೆಬ್ಬೆರಳಿನಷ್ಟು ಅಗಲದ ತಗಡು. ಅವಳಿಗೆ ಸಿಟ್ಟು ಬಂದಿತ್ತು, ಬಂದಷ್ಟೇ ಬೇಗ ಅದು ಇಳಿಯುತ್ತಲೂ ಇತ್ತು. "ನಾಳಿ ಪಟ್ಟಿ ಮಡಚುಮುಂದ ನನಗ ಕರಿ. ನಾ ನೋಡಬೇಕು," ಅಂದಳು.

ಮರುದಿನ ಬೆಳಿಗ್ಗೆ ಸುಮೇಧ ಮೊದಲ ಬಸ್ಸಿಗೆ ಅಥಣಿಗೆ ಹೋಗಿ ಹೊಸ ಬೋಲ್ಟು, ಲಾಕ್ ಪಟ್ಟಿ, ಗೂಟ ತಂದ. ಪ್ರತಿ ಬೋಲ್ಟನ್ನೂ ಎಷ್ಟು ಬಿಗಿಯಬೇಕೆಂದು ತೋರಿಸುವ ಉದ್ದನೆಯ ಪಾನಾದಿಂದ ಎದುರುಬದುರು ಬಿಗಿದ. ಶೇವಂತಾ ಪಕ್ಕದಲ್ಲಿ ನಿಂತು ಎಣಿಸಿದಳು. ಆರೂ ಪಟ್ಟಿಯ ಮೂಲೆಗಳನ್ನು ಅವನು ಮಡಚಿದ ಮೇಲೆ, ಅವಳು ಒಂದೊಂದನ್ನೂ ಬೆರಳಿನಿಂದ ಒತ್ತಿ ನೋಡಿ ತಲೆಯಾಡಿಸಿದಳು. ಬಿಸಿಲು ಇಳಿಯುವ ಮೊದಲೇ ಟ್ರ್ಯಾಕ್ಟರ್ ಒಂದಾಗಿ ನಿಂತಿತು. ಅವಳು ಬ್ಲೋವರಿಗೆ ಬರೀ ನೀರು ತುಂಬಿಸಿ ಒಂದೂವರೆ ತಾಸು ಪಡದಲ್ಲಿ ಓಡಿಸಿದಳು. ಸುಮೇಧ ಪ್ರತಿ ತುದಿಯಲ್ಲೂ ನಿಂತು ಕೇಳಿದ. ಇಂಜಿನ್ ಓಡುವ ಸಪ್ಪಳ ಬಿಟ್ಟರೆ ಇನ್ನೇನೂ ಇರಲಿಲ್ಲ.

ರವಿವಾರ ಅವನು ಮೋಟರ್ ಸೈಕಲ್ಲಿನ ಹಿಂದೆ ಜಾಕು ಕಟ್ಟಿಕೊಂಡು ಸತ್ತಿಗೆ ಹೋದ. ಲಗಮಪ್ಪನ ಗಾಡಿ ಬಿಚ್ಚಿದಾಗ ಐದು ಬೋಲ್ಟು ಗಟ್ಟಿ ಇದ್ದವು, ಆರನೆಯದು ಅರ್ಧ ಸುತ್ತು ಸಡಿಲಾಗಿತ್ತು. ಅವನು ಅದನ್ನು ಮುಚ್ಚಿಡದೆ ಲಗಮಪ್ಪನನ್ನು ಕರೆದು ತೋರಿಸಿದ. ಲಗಮಪ್ಪ ಅದನ್ನು ಬೆರಳಿನಿಂದ ತಿರುಗಿಸಿ ನೋಡಿದ. ಆಮೇಲೆ ಒಳಗೆ ಹೋಗಿ, ಮಿಸ್ತ್ರಿ ಇಲ್ಲೇ ಊಟ ಮಾಡುತ್ತಾನೆ ಅಂತ ಹೇಳಿ ಬಂದ.

ಮುಂದಿನ ತಿಂಗಳು ಭೂಪಾಲ ತನ್ನ ಮೂರೂ ಟ್ರ್ಯಾಕ್ಟರುಗಳನ್ನು ಒಂದಾದ ಮೇಲೊಂದರಂತೆ ಸುಮೇಧನ ಶೆಡ್ಡಿಗೆ ಕಳಿಸಿದ. ಕ್ಲಚ್ಚಿನ ಮುಚ್ಚಳ ತೆಗೆದು ಒಮ್ಮೆ ನೋಡು ಅಂತ ಮಾತ್ರ ಹೇಳಿದ್ದ. ಸುಮೇಧ ಬೇಸರಪಡದೆ ಮೂರನ್ನೂ ನೋಡಿದ. ಶೇವಂತಾಳ ಪಡಕ್ಕೆ ಆ ವರ್ಷ ಡೌನಿ ಬರಲಿಲ್ಲ. ಗೊಂಚಲು ಇಳಿಸುವ ದಿನ ಅವಳು ಬುಟ್ಟಿ ತುಂಬ ಹಣ್ಣು ಗ್ಯಾರೇಜಿಗೆ ಕಳಿಸಿದಳು. ಮರುವಾರ ತಾನೇ ಬಂದು, ಮುಂದಿನ ಎಡಗಾಲಿಯ ಬೇರಿಂಗ್ ಸ್ವಲ್ಪ ಸಪ್ಪಳ ಮಾಡುತ್ತಿದೆ, ಹೊಸದು ತರಿಸಿದ ಮೇಲೆ ಹಾಕು, ನಾನು ಕಾಯುತ್ತೇನೆ ಅಂತ ಹೇಳಿ ಗಾಡಿ ಅಲ್ಲೇ ಬಿಟ್ಟು ನಡೆದುಕೊಂಡು ಮನೆಗೆ ಹೋದಳು.